ಹುಣಸೆ ಭರಣಿಯೊಳಗಿನ ಸರ

ನಾವು ಚಿಕ್ಕವರಿದ್ದಾಗ ತೀರ್ಥಹಳ್ಳಿಯ ನಮ್ಮ ಬೀದಿಯಲ್ಲಿ ಟಿ.ವಿ. ಇದ್ದದ್ದು ಮೇಷ್ಟ್ರ ಮನೆಯಲ್ಲಿ ಮಾತ್ರ. ಅಡಿಕೆ ಮರದ ಕಂಬಕ್ಕೆ ಆಂಟೆನಾ ಕಟ್ಟಿದ್ದರು. ಗಾಳಿ ಬೀಸಿದರೆ ಅದು ತಿರುಗಿಬಿಡುತ್ತಿತ್ತು, ಪರದೆಯ ಮೇಲೆ ಅಕ್ಕಿ ಚೆಲ್ಲಿದಂತೆ ಚುಕ್ಕಿಗಳು. ನಮ್ಮಲ್ಲೊಬ್ಬರು ಮಳೆಯಲ್ಲೇ ಹೊರಗೆ ಓಡಿ ಕಂಬ ತಿರುಗಿಸುವುದು, ಒಳಗಿದ್ದವರು "ಬಂತು, ಬಂತು... ಅಯ್ಯೋ ಹೋಯ್ತು" ಎಂದು ಕೂಗುವುದು, ಇದು ವಾರವಾರದ ಆಟ. 'ಮಾಲ್ಗುಡಿ ಡೇಸ್' ಬರುವ ದಿನ ಮಾತ್ರ ಆಂಟೆನಾ ಕಾಯಲು ಯಾರೂ ತಯಾರಿರುತ್ತಿರಲಿಲ್ಲ. ಎಲ್ಲರಿಗೂ ಒಳಗೇ ಕೂರಬೇಕು.

ಅದಕ್ಕೆ ಕಾರಣವೂ ಇತ್ತು. ಪರದೆಯ ಮೇಲಿನ ಊರು ನಮ್ಮದೇ ತಾಲೂಕಿನ ಆಗುಂಬೆ. ಸ್ವಾಮಿಯ ಮನೆಯೆಂದು ದೇಶವೆಲ್ಲ ನೋಡಿದ್ದು ಅಲ್ಲಿನ ದೊಡ್ಡಮನೆ. ಆರ್.ಕೆ. ನಾರಾಯಣರು ಇಂಗ್ಲಿಷಿನಲ್ಲಿ ಕಟ್ಟಿದ ಊರಿಗೆ ಶಂಕರ್‌ನಾಗ್ ನಮ್ಮ ಮಳೆ, ನಮ್ಮ ಹೆಂಚು, ನಮ್ಮ ಜಗಲಿಗಳನ್ನು ಕೊಟ್ಟಿದ್ದರು. ಜಾನ್ ದೇವರಾಜ್ ಕಲಾ ನಿರ್ದೇಶಕರು, ಎಲ್. ವೈದ್ಯನಾಥನ್ ಸಂಗೀತ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಬಹುಪಾಲು ಕನ್ನಡದವರೇ ಸೇರಿ ಮಾಡಿದ್ದ ಧಾರಾವಾಹಿ ನಮ್ಮ ಮುಂದೆ ಮಾತಾಡುತ್ತಿದ್ದದ್ದು ಮಾತ್ರ ಹಿಂದಿಯಲ್ಲಿ.

ಇಲ್ಲಿ ನಮಗೊಂದು ದೊಡ್ಡಸ್ತಿಕೆ ಬಂತು. ಮನೆಯಲ್ಲಿ ದಖನಿ ಆಡುವ ನಮಗೆ ಆ ಹಿಂದಿ ಸಲೀಸಾಗಿ ಅರ್ಥವಾಗುತ್ತಿತ್ತು. ಮೇಷ್ಟ್ರ ತಾಯಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. "ಏನಂತ್ರೋ ಮಗಾ?" ಎಂದು ಅಜ್ಜಿ ಕೇಳುತ್ತಿದ್ದರು, ನಾವು ಕನ್ನಡದಲ್ಲಿ ಹೇಳುತ್ತಿದ್ದೆವು. ನಮ್ಮ ಊರಿನ ಕತೆಯನ್ನು ನಮ್ಮ ಊರಿನ ಅಜ್ಜಿಗೆ ತಲುಪಿಸುವ ಕೆಲಸ ಸಾಬರ ಮನೆಯ ಮೂರು ಮಕ್ಕಳದ್ದಾಗಿತ್ತು. ಆಗ ಅದು ವಿಚಿತ್ರವೆಂದು ಯಾರಿಗೂ ತೋರಲಿಲ್ಲ.

ಆ ದಿನಗಳಲ್ಲಿ ನಾವು ನಕ್ಕದ್ದು, ಅತ್ತದ್ದು ಎಲ್ಲ ಸ್ವಾಮಿಗಾಗಿ. ಉಳಿದ ಕತೆಗಳು ಒಳಗೆ ಇಳಿದದ್ದು ಬಹಳ ತಡವಾಗಿ. ನಮ್ಮ ಆಪಾಳನ್ನು ಸಾಗರಕ್ಕೆ ಕೊಟ್ಟಿತ್ತು. ಆಕೆಯ ಮಾವ ಹೆಗ್ಗೋಡಿನ ನೀನಾಸಂಗೆ ನಡೆದುಕೊಂಡವರು. 1973ರಲ್ಲಿ ಅಲ್ಲಿ ಚಿತ್ರಸಮಾಜ ಶುರುವಾದ ಮೇಲೆ ಹಳ್ಳಿಯವರೂ ಕೂತು ಲೋಕದ ಸಿನಿಮಾಗಳನ್ನು ನೋಡಿ ಚರ್ಚೆ ಮಾಡುತ್ತಿದ್ದರಲ್ಲ, ಆ ಪೈಕಿ ಅವರೂ ಒಬ್ಬರು. "ಕತೆಯಲ್ಲಿ ಯಾರು ಏನು ಹೇಳಿದರು ಅಂತ ಮಾತ್ರ ನೋಡಬೇಡಿ. ಯಾವ ಸಾಮಾನು ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅಂತ ನೋಡಿ" ಎನ್ನುತ್ತಿದ್ದರು. ಈಚೆಗೆ ನಮ್ಮ ಮಕ್ಕಳೊಂದಿಗೆ ಆ ಹಳೆಯ ಕಂತುಗಳನ್ನು ಮತ್ತೆ ನೋಡುತ್ತ, ನಾರಾಯಣರ ಕತೆಗಳನ್ನು ಪಕ್ಕದಲ್ಲಿಟ್ಟು ಓದುತ್ತ ಹೋದಾಗ ಅವರ ಮಾತು ನೆನಪಾಯಿತು.

'ಲೀಲಾಳ ಗೆಳೆಯ' ಎಂಬ ಕತೆಯನ್ನೇ ನೋಡಿ. ಸಿದ್ದ ಮನೆಗೆಲಸದವನು. ಐದು ವರ್ಷದ ಲೀಲಾಳಿಗೆ ಅವನೇ ಲೋಕ. ಚೆಂಡನ್ನು ಮೇಲೆಸೆದರೆ ಅದು ಚಂದ್ರನನ್ನು ಮುಟ್ಟಿ ಬರುತ್ತದೆ ಎಂದು ಅವನು ನಂಬಿಸಿದ್ದಾನೆ. ಒಂದು ದಿನ ಮಗುವಿನ ಕೊರಳಲ್ಲಿದ್ದ ಚಿನ್ನದ ಸರ ಕಾಣುವುದಿಲ್ಲ. ಅನುಮಾನ ಸಿದ್ದನ ಮೇಲೆ. ಹಿಂದೆ ಜೈಲಿಗೆ ಹೋಗಿ ಬಂದವನೆಂದು ಪೊಲೀಸರು ಹೇಳಿದ ಮೇಲಂತೂ ಅನುಮಾನ ತೀರ್ಪೇ ಆಗುತ್ತದೆ. ಆಮೇಲೆ ಸರ ಸಿಗುವುದು ಅಡಿಗೆಮನೆಯ ಹುಣಸೆ ಭರಣಿಯಲ್ಲಿ! ಮಗುವೇ ಅಲ್ಲಿ ಹಾಕಿ ಮರೆತಿದೆ. ಹಾಗಿದ್ದೂ ಮನೆಯ ಯಜಮಾನನಿಗೆ ಪಶ್ಚಾತ್ತಾಪವಿಲ್ಲ. ಹೇಗಿದ್ದರೂ ಅಂಥ ಅಪರಾಧಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ ಎಂಬುದು ಅವನ ಸಮಾಧಾನ.

ಮನೆಯೊಳಗೆ ಕಳೆದ ಬೀಗದಕೈಯನ್ನು ಬೀದಿದೀಪದ ಬೆಳಕಿದೆಯೆಂದು ಹೊರಗೆ ಹುಡುಕಿದ ಮುಲ್ಲಾ ನಸ್ರುದ್ದೀನನ ಕತೆ ನಮಗೆಲ್ಲ ಗೊತ್ತು. ಅಲ್ಲಿ ನಗು ಬರುತ್ತದೆ. ಇಲ್ಲಿ ಹುಡುಕಾಟಕ್ಕೆ ಸಿಕ್ಕಿದ್ದು ಒಬ್ಬ ಮನುಷ್ಯ, ಆದ್ದರಿಂದ ನಗು ಬರುವುದಿಲ್ಲ.

ಸಿದ್ದನ ಪಕ್ಕದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ ನೋಡಬೇಕು. ಅವನು 'ದಿ ಮಿಸ್ಸಿಂಗ್ ಮೇಲ್' ಕತೆಯ ಪೋಸ್ಟ್‌ಮ್ಯಾನ್ ತಾನಪ್ಪ. ರಾಮಾನುಜಂ ಮಗಳ ಮದುವೆ ಆ ದಿನ ತಪ್ಪಿದರೆ ಮತ್ತೆ ಕೂಡಿಬರುವಂತಿಲ್ಲ. ಅಂಥ ಹೊತ್ತಿನಲ್ಲಿ ಹತ್ತಿರದ ಹಿರಿಯರೊಬ್ಬರ ಸಾವಿನ ಸುದ್ದಿ ಬರುತ್ತದೆ. ತಾನಪ್ಪ ಅದನ್ನು ಬಚ್ಚಿಡುತ್ತಾನೆ. ಮದುವೆ ಮುಗಿದ ಮೇಲೆ ತಂದುಕೊಟ್ಟು, ನೀವು ದೂರು ಕೊಟ್ಟರೆ ನನ್ನ ಕೆಲಸ ಹೋಗುತ್ತದೆ ಎಂದು ತಾನೇ ಹೇಳುತ್ತಾನೆ. ರಾಮಾನುಜಂ ದೂರು ಕೊಡುವುದಿಲ್ಲ.

ತೆಗೆದು ಬಚ್ಚಿಟ್ಟವನನ್ನು ನಂಬಿದರು, ಏನನ್ನೂ ಮುಟ್ಟದವನನ್ನು ಹಿಡಿದುಕೊಟ್ಟರು. ವ್ಯತ್ಯಾಸವೇನು? ತಾನಪ್ಪ ವರ್ಷಗಟ್ಟಲೆ ಆ ಜಗಲಿಯಲ್ಲಿ ಕೂತು ಅವರ ಸುಖದುಃಖ ಕೇಳಿದವನು. ಸಿದ್ದನೂ ಆ ಮನೆಯಲ್ಲೇ ಇದ್ದ, ಆದರೆ ಅವನ ಮಾತು ಕೇಳಿದ್ದು ಮಗು ಮಾತ್ರ.

ಹೀಗೆ ನೋಡುತ್ತ ಹೋದರೆ ಸಿದ್ದನಿಗೆ ಅಣ್ಣತಮ್ಮಂದಿರು ಸಿಗುತ್ತಾರೆ. ಹಸಿರು ಬ್ಲೇಜರಿನವನ ಪರ್ಸು ಹೊಡೆದ ಜೇಬುಗಳ್ಳ ರಾಜು ಅದರೊಳಗೆ ಒಂದು ಬಲೂನು ಕಾಣುತ್ತಾನೆ. ತಾಯಿಯಿಲ್ಲದ ಮಗುವಿಗೆಂದು ಕೊಂಡದ್ದು. ಕರುಳು ಚುರ್ರೆಂದು ಅದನ್ನು ಮತ್ತೆ ಜೇಬಿಗೆ ಹಾಕಲು ಹೋಗಿ ಸಿಕ್ಕಿಬೀಳುತ್ತಾನೆ. ಕದ್ದಾಗ ಸಿಗದವನು ಹಿಂದಿರುಗಿಸುವಾಗ ಸಿಕ್ಕಿದ! 'ಸ್ವೀಟ್ಸ್ ಫಾರ್ ಏಂಜೆಲ್ಸ್' ಕತೆಯ ಕಾಳಿ ಮೂಟೆ ಹೊರುವವನು. ಶಾಲೆಗೆ ಹೋಗುವ ಮಕ್ಕಳನ್ನು ಕಂಡರೆ ಅವನಿಗೆ ಪ್ರಾಣ. ಕೈಯಲ್ಲಿ ನಾಲ್ಕು ಕಾಸು ಹೆಚ್ಚು ಸೇರಿದ ದಿನ ಮಿಠಾಯಿ ಕೊಂಡು ಹಂಚುತ್ತಾನೆ. ಮಕ್ಕಳ ಕಳ್ಳನೆಂದು ಜನ ಸೇರಿ ಬಡಿಯುತ್ತಾರೆ.

ಚೆಂಡು, ಬಲೂನು, ಮಿಠಾಯಿ. ಮತ್ತೆ ಮತ್ತೆ ಬರುವ ಈ ಸಾಮಾನುಗಳೆಲ್ಲ ಮಕ್ಕಳವು. ದೊಡ್ಡವರು ಲೆಕ್ಕಕ್ಕಿಡದ ಪ್ರೀತಿಯನ್ನು ಬಡವನೊಬ್ಬ ಮಗುವಿಗೆ ತಲುಪಿಸುವ ದಾರಿ ಇವು. ಆ ದಾರಿಯಲ್ಲೇ ಅವನನ್ನು ಹಿಡಿಯುತ್ತಾರೆ.

ಇದನ್ನೆಲ್ಲ ಬರೆಯಬೇಕೆನ್ನಿಸಿದ್ದು ನಮ್ಮ ಚಾಚಾನಿಂದ. ರಿಪ್ಪನ್‌ಪೇಟೆಯಲ್ಲಿ ಮನೆ, ಸೈಕಲ್ಲಿನ ಮೇಲೆ ಬಳೆ ವ್ಯಾಪಾರ. ಹೊಸನಗರ ತಾಲೂಕಿನಲ್ಲಿ ಅವರು ಕಾಲಿಡದ ಹಳ್ಳಿ ಕಡಿಮೆ. ಬಳೆ ಮಲಾರ ಜಗಲಿಯ ಮೇಲಿಟ್ಟರೆ ಅತ್ತೆ ಸೊಸೆ ಮಗಳು ಎಲ್ಲ ಬಂದು ಸುತ್ತ ಕೂರುತ್ತಿದ್ದರು. ಗೌರಿ ಹಬ್ಬಕ್ಕೆ, ಸೀಮಂತಕ್ಕೆ ಹೇಳಿಕಳಿಸುತ್ತಿದ್ದರು. ಅಪರಿಚಿತ ಗಂಡಸು ಹೆಣ್ಣುಮಕ್ಕಳ ಕೈ ಹಿಡಿಯಬಹುದಾದ ಒಂದೇ ಕಸುಬು ಅದು, ನಂಬಿಕೆಯೇ ಬಂಡವಾಳ. ಬಳೆ ಇಡುವಾಗ ಮಕ್ಕಳು ಗಲಾಟೆ ಮಾಡಬಾರದೆಂದು ಚಾಚಾ ಜೇಬಿನಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಳ್ಳುತ್ತಿದ್ದರು. ಕಾಲಾಂತರದಲ್ಲಿ ಬಳೆಗಿಂತ ಪೆಪ್ಪರ್‌ಮಿಂಟೇ ಅವರ ಗುರುತಾಯಿತು.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಡಿದ್ದು ಓದುಗರಿಗೆ ನೆನಪಿರಬಹುದು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬ ಹಾಗೆಯೇ ಸತ್ತ. ಅವನೂ ಗೆಳೆಯರೂ ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ನಾರಾಯಣರು ಎಂದೋ ಬರೆದಿಟ್ಟ ಕಾಳಿಯ ಕತೆ ಅದು. ಕಾಳಿ ಪೆಟ್ಟು ತಿಂದು ಬದುಕಿದ್ದ. ಇವರು ಬದುಕಲಿಲ್ಲ. ಒಬ್ಬ ಹಿಂದೂ, ಒಬ್ಬ ಮುಸ್ಲಿಂ. ಗುಂಪಿಗೆ ಬೇಕಾದದ್ದು ಹೊರಗಿನವನೊಬ್ಬ, ಅಷ್ಟೆ.

ಚಾಚಾ ಹೊರಗಿನವರಲ್ಲ. ಆದರೂ ಆ ಮಳೆಗಾಲ ಒಂದು ಹಳ್ಳಿಯ ತಿರುವಿನಲ್ಲಿ ನಾಲ್ಕು ಹುಡುಗರು ಸೈಕಲ್ ನಿಲ್ಲಿಸಿದರು. ಹೆಸರು ಕೇಳಿದರು, ಚೀಲ ಬಿಚ್ಚಿಸಿದರು. ಬಳೆ ನೋಡಿ ಸುಮ್ಮನಾದವರು ಜೇಬಿನ ಪೆಪ್ಪರ್‌ಮಿಂಟ್ ಪೊಟ್ಟಣ ನೋಡಿ ಮತ್ತೆ ನಿಂತರು. "ಇದು ಯಾಕೆ?" ಎಂದು ಕೇಳಿದರು. ಹೊಡೆಯಲಿಲ್ಲ, ಬೈಯಲೂ ಇಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿ ಬಿಟ್ಟರು. ಅವರಲ್ಲಿ ಒಬ್ಬನ ತಾಯಿಯ ಮದುವೆಗೆ ಚಾಚಾನೇ ಬಳೆ ಇಟ್ಟಿದ್ದರಂತೆ. ಮನೆಗೆ ಬಂದು ಪೊಟ್ಟಣವನ್ನು ಮೇಜಿನ ಮೇಲಿಟ್ಟು "ಮಕ್ಕಳಿಗೆ ಕೊಡಿ" ಎಂದರು. ಮರುದಿನದಿಂದ ಸೈಕಲ್ ಗೋಡೆಗೆ ಒರಗಿತು.

ಸಿದ್ದನಿಗಾದರೂ ಹಿಂದೊಂದು ಜೈಲಿತ್ತು. ಚಾಚಾನಿಗೆ ಇದ್ದದ್ದು ಒಂದು ಹೆಸರು.

ರಿಪ್ಪನ್‌ಪೇಟೆಗೆ ಹತ್ತಿರವೇ ಅರಸಾಳು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಹಾದಿಯ ಚಿಕ್ಕ ನಿಲ್ದಾಣ. ಧಾರಾವಾಹಿಯ ಮಾಲ್ಗುಡಿ ಸ್ಟೇಷನ್ ಅದೇ. ಮೀಟರ್ ಗೇಜ್ ಹೋಗಿ ಬ್ರಾಡ್‌ಗೇಜ್ ಬಂದ ಮೇಲೆ ಹಾಳುಬಿದ್ದಿದ್ದ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿತು. ಆ ಕೆಲಸ ಮಾಡಿಕೊಟ್ಟವರೂ ಜಾನ್ ದೇವರಾಜ್ ಅವರೇ. ಒಂದು ಭಾನುವಾರ ಆಪಾಳ ಮಕ್ಕಳು ಸಾಗರದಿಂದ ಬಂದಾಗ ಚಾಚಾನನ್ನೂ ಕರೆದುಕೊಂಡು ಹೋದೆವು. ಸ್ವಾಮಿ ತನ್ನ ಗೆಳೆಯ ರಾಜಮನಿಗೆ ಕೊಡಲೆಂದು ಪುಸ್ತಕ ಹಿಡಿದು ಬರುವ ಕೊನೆಯ ಭಾಗವನ್ನು ಮಕ್ಕಳಿಗೆ ಹೇಳುತ್ತಿದ್ದೆವು. ಕಾದಂಬರಿಯಲ್ಲಿ ಹೊರಟ ರೈಲಿನ ಕಿಟಕಿಯೊಳಗೆ ಮಣಿ ಓಡಿಹೋಗಿ ಆ ಪುಸ್ತಕ ಕೊಡುತ್ತಾನೆ. ರಾಜಮ್ ಮುನಿಸು ಬಿಟ್ಟನೋ ಇಲ್ಲವೋ ಸ್ವಾಮಿಗೆ ಕೊನೆಗೂ ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ಪಕ್ಕದಲ್ಲಿ ಯಾರದೋ ಮಗು ಎಡವಿ ಬಿದ್ದು ಅಳತೊಡಗಿತು. ಚಾಚಾನ ಕೈ ತಾನಾಗಿಯೇ ಜೇಬಿಗೆ ಹೋಯಿತು, ಖಾಲಿಯಾಗಿಯೇ ಹೊರಗೆ ಬಂತು. ಮಗುವನ್ನು ಎತ್ತಿಕೊಂಡ ಅಜ್ಜಿ ತಲೆಯೆತ್ತಿ ನೋಡಿ, "ಅಯ್ಯೋ, ಬಳೆ ಸಾಬ್ರಲ್ವ! ಬರೋದೇ ಬಿಟ್ರಲ್ಲ, ಯಾಕೆ? ಪೇಟೆ ಬಳೆ ಕೈಗೆ ಕೂರೋದೇ ಇಲ್ಲ" ಎಂದರು.

"ಮೊಣಕಾಲು ನೋವು ತಾಯಿ, ಸೈಕಲ್ ತುಳಿಯಕ್ಕಾಗಲ್ಲ" ಎಂದು ಚಾಚಾ ನಕ್ಕರು.

ಚಾಚಾನ ಮೊಣಕಾಲಿಗೆ ಏನೂ ಆಗಿಲ್ಲವೆಂದು ನಮಗೆ ಗೊತ್ತಿತ್ತು. ಆ ಅಜ್ಜಿಯ ಮನಸ್ಸು ನೋಯಬಾರದೆಂದು ಅವರು ನಿಜವಾದ ಕಾಗದವನ್ನು ಚೀಲದಲ್ಲೇ ಉಳಿಸಿಕೊಂಡರು. ನಾವೂ ಬಾಯಿ ಬಿಡಲಿಲ್ಲ. ಒಂದು ಕಾಲದಲ್ಲಿ ಪರದೆಯ ಮಾತನ್ನೆಲ್ಲ ಅಜ್ಜಿಗೆ ತಪ್ಪದೆ ಹೇಳುತ್ತಿದ್ದ ನಾವು, ಕಣ್ಣೆದುರಿನದನ್ನು ಈ ಅಜ್ಜಿಗೆ ಹೇಳದೆ ಬಂದೆವು.

ದಾರಿಯುದ್ದಕ್ಕೂ ತಾನಪ್ಪ ನೆನಪಾಗುತ್ತಿದ್ದ. ಅವನ ಸುಳ್ಳನ್ನು ನಾವು ಮೆಚ್ಚಿದ್ದು ಬಚ್ಚಿಟ್ಟದ್ದಕ್ಕೆ ಮಾತ್ರವಲ್ಲ. ಮದುವೆ ಮುಗಿದ ಮೇಲೆ ಅವನು ಆ ಸುದ್ದಿಯನ್ನು ತಂದುಕೊಟ್ಟ, ಏನಾದರೂ ಆಗಲಿ ಎಂದು ಎದುರಿಗೆ ನಿಂತ. ತಡವಾದರೂ ತಲುಪಿಸಬೇಕಾದ್ದನ್ನು ತಲುಪಿಸಲೇಬೇಕು. ಇದನ್ನು ಇಲ್ಲಿ ಬರೆದದ್ದು ಅದಕ್ಕಾಗಿ.