ಗಂಗೌಲಿಯಿಂದ ಕುರುಕ್ಷೇತ್ರದವರೆಗೆ

1988ರ ಅಕ್ಟೋಬರ್‌ನಿಂದ 1990ರ ಜೂನ್‌ವರೆಗೆ ಭಾನುವಾರ ಬೆಳಿಗ್ಗೆ ನಮ್ಮ ಊರುಗಳ ಬೀದಿಗಳು ಬಿಕೋ ಎನ್ನುತ್ತಿದ್ದವು. ದೂರದರ್ಶನದಲ್ಲಿ ಬಿ.ಆರ್. ಛೋಪ್ರಾ ಅವರ ‘ಮಹಾಭಾರತ’ ಬರುತ್ತಿದ್ದ ಕಾಲ ಅದು. ಉರ್ದು ಶಾಲೆಯ ಮಕ್ಕಳಾಗಿದ್ದ ನಾವೂ ಟಿ.ವಿ. ಇದ್ದ ಮನೆ ಹುಡುಕಿಕೊಂಡು ಹೋಗಿ ಚಾಪೆಯ ಮೇಲೆ ಜಾಗ ಹಿಡಿಯುತ್ತಿದ್ದೆವು. ತನ್ನನ್ನು ‘ಕಾಲ’ ಎಂದು ಪರಿಚಯಿಸಿಕೊಂಡು ಕಥೆ ಹೇಳುತ್ತಿದ್ದ ಆ ಗಂಭೀರ ಧ್ವನಿ ಹರೀಶ್ ಭಿಮಾನಿಯವರದು. ಆ ಧ್ವನಿಗೆ ಮಾತು ಕೊಟ್ಟವರು ಡಾ. ರಾಹಿ ಮಾಸೂಮ್ ರಜಾ. ಪರದೆಯ ಮೇಲೆ ಹೆಸರು ಹಾದುಹೋಗುತ್ತಿತ್ತು. ಆದರೆ ಭೀಷ್ಮನಿಗೂ ಕೃಷ್ಣನಿಗೂ ಮಾತು ಬರೆದವರು ಗಾಜೀಪುರದ ಒಬ್ಬ ಸೈಯದರು ಎಂಬುದನ್ನು ಎಷ್ಟು ಜನ ಗಮನಿಸಿದ್ದರೋ!

ಮೊದಲು ಛೋಪ್ರಾ ಕೇಳಿದಾಗ ರಜಾ ಸಮಯವಿಲ್ಲವೆಂದು ಒಪ್ಪಿರಲಿಲ್ಲ. ಆದರೆ ಅವರೇ ಬರೆಯುತ್ತಾರೆಂಬ ಸುದ್ದಿ ಹೊರಬಿದ್ದು, ಹಿಂದೂಗಳೆಲ್ಲ ಸತ್ತುಹೋದರೇ, ಮುಸಲ್ಮಾನನಿಂದ ಬರೆಸುತ್ತೀರಲ್ಲ ಎಂಬ ಧಾಟಿಯ ಪತ್ರಗಳು ಬಂದವು. ಛೋಪ್ರಾ ಆ ಪತ್ರಗಳನ್ನೇ ರಜಾರಿಗೆ ಕಳುಹಿಸಿದರು. ಅದನ್ನು ಓದಿದ ಮೇಲೆ, ತಾನು ಗಂಗೆಯ ಮಗ, ಇನ್ನು ‘ಮಹಾಭಾರತ’ವನ್ನು ತಾನೇ ಬರೆಯುವುದು ಎಂದು ಅವರು ಪಟ್ಟು ಹಿಡಿದರೆಂಬುದು ಪ್ರಸಿದ್ಧ ಪ್ರಸಂಗ. ಗಂಗೆಯ ಮಗನೆಂದರೆ ಭೀಷ್ಮ. ಹಾಗಾಗಿ ಆ ಮಾತಿಗೆ ಎರಡು ಅರ್ಥ. ತನಗೆ ಮೂವರು ತಾಯಂದಿರು, ಹೆತ್ತ ನಫೀಸಾ ಬೇಗಂ, ಓದಿಸಿದ ಅಲೀಗಢ ವಿಶ್ವವಿದ್ಯಾಲಯ ಮತ್ತು ಗಂಗಾನದಿ ಎಂದು ರಜಾ ಹೇಳಿಕೊಳ್ಳುತ್ತಿದ್ದರು.

ಅವರು ಹುಟ್ಟಿದ್ದು 1927ರ ಸೆಪ್ಟೆಂಬರ್ 1ರಂದು, ಉತ್ತರ ಪ್ರದೇಶದ ಗಾಜೀಪುರ ಜಿಲ್ಲೆಯ ಗಂಗೌಲಿಯ ಶಿಯಾ ಜಮೀನ್ದಾರ ಮನೆತನದಲ್ಲಿ. ಬಾಲ್ಯದಲ್ಲಿ ಪೋಲಿಯೋ ತಗುಲಿ ಒಂದು ಕಾಲು ಕುಂಟಾಯಿತು. ಉರ್ದು ಕವಿಯಾಗಿ ಬರವಣಿಗೆ ಆರಂಭಿಸಿ 1857ರ ದಂಗೆಯ ಬಗ್ಗೆ ದೀರ್ಘ ಕಾವ್ಯ ರಚಿಸಿದರು. ಅಲಹಾಬಾದಿನಲ್ಲಿದ್ದಾಗ ಹೊಟ್ಟೆಪಾಡಿಗೆ ಬೇರೆ ಹೆಸರಿನಲ್ಲಿ ಅಗ್ಗದ ಜನಪ್ರಿಯ ಕಾದಂಬರಿಗಳನ್ನೂ ಬರೆದರು. ಅಲೀಗಢದಲ್ಲಿ ‘ತಿಲಿಸ್ಮೆ ಹೋಶ್‌ರುಬಾ’ದ ಮೇಲೆ ಪಿಎಚ್.ಡಿ. ಪಡೆದು ಅಲ್ಲಿಯೇ ಪಾಠ ಹೇಳಿದರು. ಮಾಂತ್ರಿಕರು, ಅಯ್ಯಾರರು, ಮುಗಿಯದ ಯುದ್ಧಗಳು ತುಂಬಿದ ಆ ದಾಸ್ತಾನಿನ ಒಳಹೊರಗನ್ನು ಬಲ್ಲವರಿಗೆ ವ್ಯಾಸರ ಕಥಾರಣ್ಯದಲ್ಲಿ ದಾರಿ ಕಾಣುವುದು ಕಷ್ಟವಾಗಿರಲಾರದು ಎಂದು ನಮಗನ್ನಿಸುತ್ತದೆ.

1966ರಲ್ಲಿ ಹಿಂದಿಯಲ್ಲಿ ಪ್ರಕಟವಾದ ‘ಆಧಾ ಗಾಂವ್’ ಅವರ ನಿಜವಾದ ಆಸ್ತಿ. ತನ್ನದೇ ಊರು ಗಂಗೌಲಿ, ತನ್ನವರದೇ ಹೆಸರುಗಳು, ಮನೆಮನೆಯ ಭೋಜಪುರಿ ಮಿಶ್ರಿತ ಉರ್ದು. ಮೊಹರಂನ ಮಜಲಿಸ್ಸುಗಳಲ್ಲಿ ಯಾರ ಅಳು ಹೆಚ್ಚು ಎಂಬುದರಲ್ಲೂ ಪೈಪೋಟಿ ನಡೆಸುವ, ಉತ್ತರದ ಓಣಿ, ದಕ್ಷಿಣದ ಓಣಿ ಎಂದು ಹಂಚಿಹೋದ ಜಮೀನ್ದಾರರು ಅಲ್ಲಿದ್ದಾರೆ. ಆ ಊರಿಗೆ ಅಲೀಗಢದ ಹುಡುಗರು ಬಂದು ಪಾಕಿಸ್ತಾನದ ಪ್ರಚಾರ ಮಾಡುತ್ತಾರೆ. ಊರಿನವರಿಗೆ ಅದರ ತಲೆಬುಡ ಅರ್ಥವಾಗುವುದಿಲ್ಲ. ನಮ್ಮ ಹೊಲ, ನಮ್ಮ ತಾಜಿಯಾ, ನಮ್ಮ ಗೋರಿಗಳು ಇಲ್ಲೇ ಇರುವಾಗ ಎಲ್ಲಿಗೆ ಹೋಗುವುದು ಎಂಬುದು ಅವರ ಸಂಶಯ. ಕೊನೆಗೆ ಪಾಕಿಸ್ತಾನವೂ ಆಗುತ್ತದೆ, ಜಮೀನ್ದಾರಿಯೂ ಹೋಗುತ್ತದೆ. ದೇಶ ವಿಭಜನೆಯ ಬಗ್ಗೆ ರೈಲು, ರಕ್ತ, ಹೆಣಗಳ ಕಥೆಗಳನ್ನು ಸಾಕಷ್ಟು ಓದಿದ್ದೇವೆ. ಹೋಗದೆ ಉಳಿದವರ ಮನೆ ಮೆಲ್ಲಗೆ ಹೇಗೆ ಖಾಲಿಯಾಯಿತು ಎಂಬುದನ್ನು ಇಷ್ಟು ಹತ್ತಿರದಿಂದ ಹೇಳಿದವರು ಕಡಿಮೆ.

ಈ ಪುಸ್ತಕಕ್ಕೆ ಸಿಕ್ಕಿದ್ದು ಹೂಮಾಲೆಯಷ್ಟೇ ಅಲ್ಲ. 1970ರ ದಶಕದ ಆರಂಭದಲ್ಲಿ ನಾಮವರ ಸಿಂಗ್ ಅದನ್ನು ಜೋಧಪುರ ವಿಶ್ವವಿದ್ಯಾಲಯದ ಪಠ್ಯವಾಗಿಸಿದಾಗ ಅಶ್ಲೀಲವೆಂಬ ಗುಲ್ಲೆದ್ದು ಅದನ್ನು ಕೈಬಿಡಬೇಕಾಯಿತು. ಪಾತ್ರಗಳು ಗೀತೆಯ ಶ್ಲೋಕ ಹೇಳಿದ್ದರೆ ಶ್ಲೋಕ ಬರೆಯುತ್ತಿದ್ದೆ, ಬೈಗುಳ ಆಡುತ್ತವೆ, ಅದನ್ನೇ ಬರೆದಿದ್ದೇನೆ ಎಂಬರ್ಥದ ಉತ್ತರವನ್ನು ರಜಾ ಮುಂದಿನ ಒಂದು ಕಾದಂಬರಿಯ ಮುನ್ನುಡಿಯಲ್ಲಿ ಕೊಟ್ಟರು. ಇನ್ನೊಂದು ಕಡೆ, ಉರ್ದುವನ್ನು ದೇವನಾಗರಿಯಲ್ಲಿ ಬರೆದರೆ ಏನೂ ಹೋಗುವುದಿಲ್ಲ, ಲಿಪಿ ಬರೀ ಉಡುಪು ಎಂದ ಅವರ ವಾದ ಉರ್ದುವಿನವರನ್ನು ಸಿಟ್ಟಿಗೆಬ್ಬಿಸಿತು. ಈ ವಾದವನ್ನು ನಾವು ಪೂರ್ತಿ ಒಪ್ಪಲಾರೆವು. ಅಲಿಫ್, ಬೇ ಕಲಿತ ಮಗುವಿಗೆ ಲಿಪಿಯೆಂದರೆ ಉಡುಪಲ್ಲ, ಚರ್ಮ. ಆದರೆ ಅವರ ಆತಂಕ ಸುಳ್ಳಲ್ಲ. ಲಿಪಿ ಗೋಡೆಯಾದಾಗ ನೆರೆಯವನಿಗೆ ನಮ್ಮ ಮನೆಯ ಸುಖದುಃಖ ತಿಳಿಯುವುದು ಹೇಗೆ? ಮನೆಯಲ್ಲಿ ದಖನಿ ಮಾತಾಡಿ ಕನ್ನಡದಲ್ಲಿ ಕಥೆ ಬರೆಯುವ ನಮ್ಮಂಥವರು ದಿನವೂ ಎದುರಿಸುವ ಪ್ರಶ್ನೆ ಇದು.

1969ರ ‘ಟೋಪಿ ಶುಕ್ಲಾ’ದಲ್ಲಿ ಒಂದು ಸಣ್ಣ ಸನ್ನಿವೇಶವಿದೆ. ಬ್ರಾಹ್ಮಣರ ಹುಡುಗ ಟೋಪಿ, ಗೆಳೆಯ ಇಫ್ಫನ್‌ನ ಮನೆಯಲ್ಲಿ ಕೇಳಿ ಕಲಿತ ‘ಅಮ್ಮಿ’ ಎಂಬ ಪದವನ್ನು ತನ್ನ ಮನೆಯ ಊಟದ ಮೇಜಿನಲ್ಲಿ ಬಳಸಿಬಿಡುತ್ತಾನೆ. ಬದನೆಕಾಯಿ ಭರ್ತಾ ಕೇಳುವಾಗ ಬಂದ ಒಂದೇ ಪದ! ಎಲ್ಲರ ಕೈ ನಿಲ್ಲುತ್ತದೆ, ಕೊನೆಗೆ ಹುಡುಗನಿಗೆ ಏಟು ಬೀಳುತ್ತದೆ. ಇಫ್ಫನ್‌ನ ಅಜ್ಜಿ ತೀರಿಕೊಂಡಾಗ ಅದೇ ಹುಡುಗ, ಅವಳ ಬದಲು ನನ್ನ ಅಜ್ಜಿ ಸತ್ತಿದ್ದರೆ ಚೆನ್ನಾಗಿತ್ತು ಎನ್ನುತ್ತಾನೆ. ಅವನನ್ನು ಅವಳಿಗೆ ಕಟ್ಟಿಹಾಕಿದ್ದು ಅವಳ ಹಳ್ಳಿ ಮಾತಿನ ಸಿಹಿ. ಕೋಮುವಾದದ ಬಗ್ಗೆ ನೂರು ಭಾಷಣಗಳು ಹೇಳಲಾರದ್ದನ್ನು ಆ ಬದನೆಕಾಯಿ ಹೇಳುತ್ತದೆ.

ಅಲೀಗಢ ಬಿಟ್ಟು ಅವರು 1960ರ ದಶಕದ ಕೊನೆಯಲ್ಲಿ ಮುಂಬೈ ಸೇರಿದರು. ‘ಮಿಲಿ’, ‘ಗೋಲ್‌ಮಾಲ್’, ‘ಕರ್ಜ್’ ಮೊದಲಾದ ಚಿತ್ರಗಳಿಗೆ ಸಂಭಾಷಣೆ ಬರೆದರು. ‘ಮೈ ತುಲಸಿ ತೇರೆ ಆಂಗನ್ ಕೀ’, ‘ತವಾಯಫ್’, ‘ಲಮ್ಹೆ’ ಚಿತ್ರಗಳ ಸಂಭಾಷಣೆಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ‘ಗೋಲ್‌ಮಾಲ್’ ಕನ್ನಡಕ್ಕೆ ‘ಆಸೆಗೊಬ್ಬ ಮೀಸೆಗೊಬ್ಬ’ನಾಗಿ, ‘ಕರ್ಜ್’ ‘ಯುಗಪುರುಷ’ನಾಗಿ ಬಂದದ್ದು ಓದುಗರಿಗೆ ನೆನಪಿರಬಹುದು. ಸಿನಿಮಾಕ್ಕೆ ಹೋದವನು ಕೆಟ್ಟ ಎಂದು ಸಾಹಿತಿಗಳು ಮೂಗು ಮುರಿಯುವುದುಂಟು. ಆದರೆ ರಜಾ ಅಲ್ಲಿದ್ದುಕೊಂಡೇ ಚಿತ್ರರಂಗದ ಪೊಳ್ಳುತನವನ್ನು ‘ಸೀನ್ 75’ರಲ್ಲಿ ಬಿಚ್ಚಿಟ್ಟರು. ತುರ್ತುಪರಿಸ್ಥಿತಿ ಬಡವರ ಓಣಿಯನ್ನು ಹೇಗೆ ನುಂಗಿತು ಎಂಬುದನ್ನು 1978ರ ‘ಕಟ್‌ರಾ ಬೀ ಆರ್ಜೂ’ದಲ್ಲಿ ಬರೆದರು. ಸಿನಿಮಾ ಅನ್ನ ಕೊಟ್ಟಿತು, ಕಾದಂಬರಿ ಲೆಕ್ಕ ಕೇಳಿತು. ಎರಡನ್ನೂ ಅವರು ತೀರಿಸಿದರು.

‘ಮಹಾಭಾರತ’ದ ‘ಮಾತಾಶ್ರೀ’, ‘ಪಿತಾಶ್ರೀ’ಗಳ ಹಿಂದೆ ‘ಅಮ್ಮೀಜಾನ್’, ‘ಅಬ್ಬಾಜಾನ್’ಗಳ ನೆರಳಿದೆ ಎಂದು ಬಲ್ಲವರು ಹೇಳುತ್ತಾರೆ. ಸಂಸ್ಕೃತದ ಉಡುಪಿನೊಳಗೆ ಗಂಗೌಲಿಯ ಅದಬು! ದೇಶದ ಕೋಟ್ಯಂತರ ಮನೆಗಳು ಅದನ್ನು ತಮ್ಮದೆಂದೇ ಸ್ವೀಕರಿಸಿದವು. ಅದೇ ವರ್ಷಗಳಲ್ಲಿ ದೇಶದಲ್ಲಿ ಇಟ್ಟಿಗೆಗಳ ಮೆರವಣಿಗೆ, ರಥಯಾತ್ರೆಗಳೂ ನಡೆದವು ಎಂಬುದನ್ನು ಮರೆಯಬಾರದು. ರಜಾ 1992ರ ಮಾರ್ಚ್ 15ರಂದು ತೀರಿಕೊಂಡರು. ಅದಾಗಿ ಒಂಬತ್ತು ತಿಂಗಳೊಳಗೆ ಬಾಬರಿ ಮಸೀದಿ ನೆಲಸಮವಾಯಿತು.

ಯಾರ ಕಥೆಯನ್ನು ಯಾರು ಹೇಳಬೇಕು ಎಂಬ ಪತ್ರಗಳು ಇಂದಿಗೂ ನಿಂತಿಲ್ಲ, ಅಂಚೆಯ ದಾರಿ ಬದಲಾಗಿದೆ ಅಷ್ಟೆ. ಕನ್ನಡದಲ್ಲಿ ಬರೆಯುವ ಮುಸ್ಲಿಂ ಲೇಖಕರನ್ನು ನಿಮ್ಮ ಕನ್ನಡ ಇಷ್ಟು ಚೆನ್ನಾಗಿದೆಯಲ್ಲ ಎಂದು ಹೊಗಳುವವರೂ, ಮನೆಯ ಮಾತು ಹೊರಗೆ ಏಕೆ ಎಂದು ಗದರುವವರೂ ಇದ್ದಾರೆ. ರಜಾ ಇಬ್ಬರಿಗೂ ಸಮಜಾಯಿಷಿ ಕೊಡುತ್ತ ಕೂರಲಿಲ್ಲ, ಮುಂದಿನ ಪುಟ ಬರೆದರು. ತಮ್ಮ ಊರನ್ನು ಮುಚ್ಚುಮರೆಯಿಲ್ಲದೆ ಬರೆದವರಿಗೆ ಊರಾಚೆಯ ಕಥೆ ಹೇಳುವ ಹಕ್ಕನ್ನು ಯಾರೂ ದಾನ ಮಾಡಬೇಕಾಗಿಲ್ಲ.