ಬ್ಯಾರನ್ ಮುಂದೆ ಮೆಟ್ನರ್

ಹೊಗೆಸೊಪ್ಪು ಬೇಯುವ ರಾತ್ರಿಗಳಲ್ಲಿ ಮನೆಯವರೆಲ್ಲ ಒಟ್ಟಿಗೆ ಮಲಗುವ ಹಾಗಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಎರಡು ಮಾತು: ಕಡ್ಡಿಗೆ ಕಟ್ಟಿದ ಹಸಿ ಎಲೆಯನ್ನು ಬ್ಯಾರನ್ನಿನೊಳಗೆ ಸಾಲಾಗಿ ತೂಗುಹಾಕಿ, ಐದಾರು ದಿನ ಹಗಲೂ ರಾತ್ರಿ ಒಲೆಗೆ ಸೌದೆ ಕೊಡುತ್ತ ಶಾಖವನ್ನು ಮೆಲ್ಲಗೆ ಏರಿಸುತ್ತ ಹೋಗಬೇಕು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಅವಸರಪಟ್ಟರೆ ಬಣ್ಣ ಕೆಟ್ಟಿತು. ಬಣ್ಣ ಕೆಟ್ಟರೆ ಹರಾಜಿನಲ್ಲಿ ಬೆಲೆಯೂ ಕೆಟ್ಟಿತು.

ಹೋದ ವರ್ಷ ಅಂಥದೊಂದು ರಾತ್ರಿ, ನನ್ನ ಸರದಿಯಲ್ಲಿ, ನಿದ್ದೆ ಬರದಿರಲೆಂದು ಮೊಬೈಲಿನಲ್ಲಿ ಒಂದು ಹಳೆಯ ಪಿಯಾನೊ ಧ್ವನಿಮುದ್ರಣ ಹಾಕಿಕೊಂಡು ಕೂತಿದ್ದೆ. ತಟ್ಟೆಯ ಗೀರುಗಳ ಚರಚರ ಸದ್ದು ಯಾವುದು, ಒಲೆಯ ಸೌದೆಯ ಚಟಚಟ ಯಾವುದು ಎಂದು ತಿಳಿಯುತ್ತಿರಲಿಲ್ಲ. ಅಪ್ಪ ಎದ್ದು ಬಂದರು.

"ಅದೇನ್ಲಾ ಅದು, ಒಂದೇ ಸಮ ಬಡ್ಕೋತದೆ?"

"ಪಿಯಾನೊ ಕಣಪ್ಪ. ಲಂಡನ್ನಲ್ಲಿದ್ದ ಒಬ್ಬ ರಷ್ಯದೋನು ನುಡ್ಸಿರೋದು. ನಮ್ ಮಾರಾಜ್ರೇ ದುಡ್ ಕೊಟ್ಟು ರೆಕಾರ್ಡ್ ಮಾಡ್ಸವ್ರೆ."

"ಯಾವ ಮಾರಾಜ್ರು? ಕಟ್ಟೆ ಕಟ್ಸಿದೋರಾ?"

"ಅವರಲ್ಲ. ಅವರ ತಮ್ಮನ ಮಗ."

"ಅವರೇನ್ ಕಟ್ಸಿದ್ರು?"

ಥಟ್ಟನೆ ಉತ್ತರ ಹೊಳೆಯಲಿಲ್ಲ. ಅಪ್ಪ ಥರ್ಮಾಮೀಟರ್ ನೋಡಿ, ಎರಡು ಕೊರಡು ಒಳಗೆ ತಳ್ಳಿ, ಮತ್ತೆ ಮಲಗಲು ಹೋದರು.

ಆ ರಷ್ಯದವನ ಹೆಸರು ನಿಕೊಲಾಯ್ ಮೆಟ್ನರ್. ಹುಟ್ಟಿದ್ದು ಮಾಸ್ಕೊದಲ್ಲಿ, 1880ರಲ್ಲಿ. ಗೆಳೆಯ ರಾಖ್ಮಾನಿನೊವ್‌ನ ಹೆಸರು ಪಾಶ್ಚಾತ್ಯ ಸಂಗೀತದ ಗಂಧವಿಲ್ಲದವರಿಗೂ ಎಲ್ಲೋ ಕೇಳಿದಂತಿರುತ್ತದೆ. ಮೆಟ್ನರ್‌ನ ಹೆಸರು ಆ ಸಂಗೀತ ಬಲ್ಲವರಿಗೂ ಅಷ್ಟಾಗಿ ಗೊತ್ತಿಲ್ಲ. ಆದರೆ ಅದೇ ರಾಖ್ಮಾನಿನೊವ್ ತನ್ನ ನಾಲ್ಕನೆಯ ಕನ್ಸರ್ಟೋವನ್ನು ಅರ್ಪಿಸಿದ್ದು ಇವನಿಗೆ. ಮೆಟ್ನರ್ ಬರೆದದ್ದರಲ್ಲೆಲ್ಲ ಪಿಯಾನೊ ಇದೆ. ಮೂರು ಕನ್ಸರ್ಟೋ, 14 ಸೊನಾಟಾ, ನೂರಕ್ಕೂ ಮೀರಿದ ಹಾಡು, ಜೊತೆಗೆ 'ಸ್ಕಾಸ್ಕಿ' ಎಂದು ಕರೆದ ಕಿರುರಚನೆಗಳು. ರಷ್ಯನ್ನಿನಲ್ಲಿ ಹಾಗೆಂದರೆ ಕತೆಗಳು. ನನಗೆ ಹೆಚ್ಚು ಹಿಡಿಸಿದವು ಇವೇ. ಕೆಲವು ಮೂರು ನಾಲ್ಕು ನಿಮಿಷದಲ್ಲೇ ಮುಗಿಯುತ್ತವೆ. ಯಾರ ಕತೆ, ಏನು ಕತೆ ಎಂದು ಬಹಳಷ್ಟರಲ್ಲಿ ಹೇಳುವುದೇ ಇಲ್ಲ. ಆದರೂ ಯಾರೋ ಕತೆ ಹೇಳಿ ಎದ್ದುಹೋದ ಹಾಗೆ ಅನ್ನಿಸುತ್ತದೆ.

ಕ್ರಾಂತಿಯ ನಂತರ, 1921ರಲ್ಲಿ ರಷ್ಯ ಬಿಟ್ಟವನು ಜರ್ಮನಿ, ಫ್ರಾನ್ಸ್ ಸುತ್ತಿ 1935ರಲ್ಲಿ ಲಂಡನ್ನಿಗೆ ಬಂದ. ಅಲ್ಲಿಯೇ ಉಳಿದ. ಹಟಮಾರಿ ಮನುಷ್ಯ. ಸಂಗೀತಕ್ಕೆ ಎಂದೂ ಬದಲಾಗದ ನಿಯಮಗಳಿವೆ, ಹೊಸಬರು ಅವನ್ನು ಮುರಿಯುತ್ತಿದ್ದಾರೆ ಎಂದು ಅದೇ ವರ್ಷ ಒಂದು ಪುಸ್ತಕವನ್ನೇ ಪ್ರಕಟಿಸಿದ. ಹೊಸತಿನ ಹುಚ್ಚಿನಲ್ಲಿದ್ದ ಯುರೋಪಿನಲ್ಲಿ ಇದು ಬೇಕಾಗಿದ್ದ ಮಾತಲ್ಲ. ಆಮೇಲೆ ಯುದ್ಧ ಬಂತು. ಕೃತಿಗಳನ್ನು ಅಚ್ಚುಹಾಕುತ್ತಿದ್ದ ಪ್ರಕಾಶಕರು ಜರ್ಮನಿಯಲ್ಲಿ. ಅಲ್ಲಿಂದ ಬರುತ್ತಿದ್ದ ಹಣ ನಿಂತಿತು. ಲಂಡನ್ನಿನ ಮೇಲೆ ಬಾಂಬು ಬೀಳುವಾಗ ಗಂಡ ಹೆಂಡತಿ ವಾರಿಕ್‌ಶೈರಿನಲ್ಲಿ ಶಿಷ್ಯೆ ಎಡ್ನಾ ಐಲ್ಸ್‌ಳ ಆಸರೆ ಪಡೆದರು. 1942ರಲ್ಲಿ ಹೃದಯಾಘಾತವಾಯಿತು. ಮೂರನೆಯ ಕನ್ಸರ್ಟೋ ಪೂರ್ತಿಯಾದದ್ದು ಈ ದಿನಗಳಲ್ಲೇ. 1944ರಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾನೇ ಕೂತು ಅದನ್ನು ನುಡಿಸಿದ. ವಯಸ್ಸು 64. ದೊಡ್ಡ ಕೃತಿಗಳಲ್ಲಿ ಹೆಚ್ಚಿನವು ಇನ್ನೂ ಅವನ ಕೈಯಲ್ಲಿ ಧ್ವನಿಮುದ್ರಣವಾಗಿರಲಿಲ್ಲ.

ಇತ್ತ ಮೈಸೂರಿನಲ್ಲಿ 1919ರಲ್ಲಿ ಹುಟ್ಟಿದ ಹುಡುಗನೊಬ್ಬನಿಗೆ ಪಿಯಾನೊ ವಾದಕನಾಗುವ ಆಸೆ. ಆ ಆಸೆ ಶೋಕಿಯದಾಗಿರಲಿಲ್ಲ. ಜಯಚಾಮರಾಜ ಒಡೆಯರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪಡೆದವರು. 1940ರ ಮಾರ್ಚಿನಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು. ಸೆಪ್ಟೆಂಬರಿನಲ್ಲಿ ಸಿಂಹಾಸನ. ಇಪ್ಪತ್ತೊಂದು ವರ್ಷದ ಹುಡುಗನಿಗೆ ಪಿಯಾನೊ ಮುಂದೆ ಕೂತುಕೊಳ್ಳುವ ಬದುಕು ಅಲ್ಲಿಗೆ ಮುಗಿಯಿತು.

ತಾನು ನುಡಿಸಲಾಗದ್ದನ್ನು ಇನ್ನೊಬ್ಬ ನುಡಿಸಲಿ ಎಂದುಕೊಂಡರೇನೋ. ಎಚ್‌ಎಂವಿ ಕಂಪನಿಗೆ ಮುದ್ರಣ ಮಾಡಿಸುತ್ತಿದ್ದ, ಫಿಲ್‌ಹಾರ್ಮೋನಿಯ ವಾದ್ಯವೃಂದ ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಮಹಾರಾಜರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅರಮನೆಯ ರೆಕಾರ್ಡು ಸಂಗ್ರಹ, ಬಗೆಬಗೆಯ ಧ್ವನಿವರ್ಧಕಗಳು, ದೊಡ್ಡ ಪಿಯಾನೊಗಳನ್ನು ಕಂಡು ಆತ ಬೆರಗಾದ. ಮೆಟ್ನರ್‌ನ ಮೂರೂ ಕನ್ಸರ್ಟೋ, ಹಾಡುಗಳು, ಇನ್ನಷ್ಟು ಕೃತಿಗಳ ಮುದ್ರಣಕ್ಕೆ ಮೈಸೂರು ಹಣ ಕೊಟ್ಟಿತು. ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ತಟ್ಟೆಗಳು ಹೊರಬಂದವು. ಜೊತೆಗೆ ಫಿಲ್‌ಹಾರ್ಮೋನಿಯಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಸಿದ್ದಕ್ಕೂ ಇದೇ ಥೈಲಿ. ಮೆಟ್ನರ್‌ಗೆ ಸ್ಟ್ರಾಸ್‌ನನ್ನು ಕಂಡರಾಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಮೂರನೆಯ ಕನ್ಸರ್ಟೋದ ಮೇಲೆ ಮೈಸೂರು ಮಹಾರಾಜರಿಗೆ ಅರ್ಪಣೆ ಎಂದಿದೆ. ನಾನು ಇದರ ಬೆನ್ನು ಹತ್ತಿದ್ದು ಆ ಒಂದು ಸಾಲಿನಿಂದ.

ಓದುತ್ತ ಹೋದಂತೆ ಮನಸ್ಸಿಗೆ ಹೆಮ್ಮೆಯಾಯಿತು, ಹಿಂದೆಯೇ ಇರಿಸುಮುರಿಸೂ ಆಯಿತು. 1947ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇದೇ ಮೈಸೂರಿನಲ್ಲಿ ಜನ 'ಮೈಸೂರು ಚಲೋ' ಎಂದು ಬೀದಿಗಿಳಿದಿದ್ದರು, ಜವಾಬ್ದಾರಿ ಸರ್ಕಾರಕ್ಕಾಗಿ ಜೈಲು ಸೇರಿದ್ದರು. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಆ ಚಳವಳಿಯಿಂದ. ಆಸುಪಾಸಿನ ವರ್ಷಗಳಲ್ಲೇ ಲಂಡನ್ನಿನ ಸ್ಟುಡಿಯೊದಲ್ಲಿ ಮೆಟ್ನರ್ ನಮ್ಮ ದುಡ್ಡಿನಲ್ಲಿ ನುಡಿಸುತ್ತಿದ್ದ. ನಮ್ಮ ದುಡ್ಡು ಎಂದೇ ಅನ್ನುತ್ತೇನೆ. ಅರಮನೆಯ ಸಿರಿ ನಮ್ಮ ತಾತ ಮುತ್ತಾತಂದಿರ ಕಂದಾಯದಿಂದ, ಈ ಕಾಡುಗಳ ಗಂಧ, ತೇಗದಿಂದ ಬಂದದ್ದು. ಅದರಲ್ಲಿ ಊರಿಗೊಂದು ಬಾವಿ ತೋಡಿಸಬಹುದಿತ್ತು ಎಂದು ಯಾರಾದರೂ ಅಂದರೆ ಅಲ್ಲವೆನ್ನಲು ನನಗೆ ಬಾಯಿಲ್ಲ.

ಆದರೆ ಆ ಹಣ ಇಲ್ಲದಿದ್ದರೆ ಈ ಮುದುಕನ ಬೆರಳಿನ ಸದ್ದು ಬಹುಪಾಲು ಇರುತ್ತಿರಲಿಲ್ಲ. 1951ರ ನವೆಂಬರಿನಲ್ಲಿ ಅವನು ತೀರಿಕೊಂಡ. ಆಮೇಲೆ ದಶಕಗಳ ಕಾಲ ಅವನನ್ನು ಕೇಳುವವರು ಬೆರಳೆಣಿಕೆಯಷ್ಟು. ಈಚೆಗೆ ಹ್ಯಾಮಿಶ್ ಮಿಲ್ನ್, ಮಾರ್ಕ್ ಆಂದ್ರೆ ಹ್ಯಾಮ್ಲಿನ್ ತರದವರು ಮತ್ತೆ ಕೈಗೆತ್ತಿಕೊಂಡಾಗ, ಅವನು ತನ್ನ ಸಂಗೀತವನ್ನು ಹೇಗೆ ನುಡಿಸಬೇಕೆಂದಿದ್ದ ಎಂದು ತಿಳಿಯಲು ಮೈಸೂರಿನ ತಟ್ಟೆಗಳಿದ್ದವು. ನಾನು ಹಲವರ ನುಡಿಸಾಣಿಕೆ ಕೇಳಿದ್ದೇನೆ. ಅವನಷ್ಟು ಸಲೀಸಾಗಿ, ಏನನ್ನೂ ಒತ್ತಿ ಹೇಳದೆ ನುಡಿಸುವವರು ಕಡಿಮೆ.

ಪಿಯಾನೊ ಕೈಬಿಟ್ಟ ಅರಸರು ತಾವೇ ವಾಗ್ಗೇಯಕಾರರಾದದ್ದು ಕತೆಯ ಇನ್ನೊಂದು ಮಗ್ಗುಲು. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ, ವೆಂಕಟಗಿರಿಯಪ್ಪನವರ ಹತ್ತಿರ ವೀಣೆ. 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳು, ಎಷ್ಟೋ ಅಪರೂಪದ ರಾಗಗಳಲ್ಲಿ. ಅಠಾಣದ ಗಣಪತಿ ಕೃತಿಯೊಂದನ್ನು ಕಛೇರಿಗಳಲ್ಲಿ ಆಗಾಗ ಕೇಳಬಹುದು. ಉಳಿದವನ್ನು ಹಾಡುವವರು ಕಡಿಮೆ. ಮೆಟ್ನರ್‌ಗೆ ಒಬ್ಬ ಅರಸ ಸಿಕ್ಕಿದ. ಈ ಅರಸನಿಗೆ ಅಂಥವರಾರೂ ಸಿಕ್ಕಂತಿಲ್ಲ.

ನಮ್ಮ ಕಡೆ ಈ ಅರಸರ ಗುರುತು ಹುಡುಕಿದೆ. ಎಡತೊರೆಗೆ ನೆರೆ ಹೊಡೆದ ಮೇಲೆ ಎದ್ದ ಕೃಷ್ಣರಾಜನಗರ ಹೆಸರಲ್ಲೇ ನಾಲ್ವಡಿಯವರನ್ನು ಇಟ್ಟುಕೊಂಡಿದೆ. ಎಚ್.ಡಿ. ಕೋಟೆಯ ಹಿರಿಯರಿಗೆ ಮಹಾರಾಜರೆಂದರೆ ಕಾಕನಕೋಟೆಯ ಖೆಡ್ಡಾ. ಆ ಜಾಗವೂ ಕಬಿನಿ ಹಿನ್ನೀರಿನ ತಳ ಸೇರಿದೆ. ಜಯಚಾಮರಾಜರು ಮಾತ್ರ ನನಗೆ ಸಿಕ್ಕಿದ್ದು ಒಂದು ಗ್ರಂಥಾಲಯದ ಮೂಲೆಯ ಬೀರುವಿನಲ್ಲಿ, ಅವರು ಕನ್ನಡಕ್ಕೆ ತರಿಸಿದ ಋಗ್ವೇದದ ಸಂಪುಟಗಳ ಮೊದಲ ಪುಟದಲ್ಲಿ.

ಮೊನ್ನೆ ಮತ್ತೆ ಬ್ಯಾರನ್ನಿಗೆ ಸೊಪ್ಪು ಏರಿಸಿದೆವು. ನಡುರಾತ್ರಿ ಅಪ್ಪ ಬಂದು ಪಕ್ಕದಲ್ಲಿ ಕೂತರು.

"ಎಲ್ಲಿ, ಆ ಮಾರಾಜ್ರುದು ಹಾಕು," ಎಂದರು.

ಅದು ಮಹಾರಾಜರದಲ್ಲ ಎಂದು ಹೇಳಹೋದವನು ಸುಮ್ಮನೆ ಒಂದು ಕತೆ ಹಾಕಿದೆ. ಅಪ್ಪ ಬೀಡಿ ಹಚ್ಚದೆ ಕೇಳಿದರು. ಮುಗಿದ ಮೇಲೆ, "ಇಷ್ಟೇನಾ?" ಎಂದು ಕೇಳಿ, ಒಲೆಯ ಕಡೆ ಕೈ ತೋರಿಸಿದರು. ಉರಿ ಇಳಿದಿತ್ತು.