ಕೂದಲೆಳೆಯ ಅಂತರ

ಈಡು ಗುರಿ ತಪ್ಪಿದಾಗ ಗಾಳಿಯನ್ನು ಹಳಿಯುವುದು ಸುಲಭ. ತನ್ನ ಕೆಲಸವನ್ನು ತಾನೇ ಶಂಕಿಸುವುದು ಕಷ್ಟ. ಅಮೆರಿಕಾ ದೇಶದಲ್ಲಿ ಪಂದ್ಯಕ್ಕಾಗಿ ರೈಫಲ್ಲು ಹಿಡಿಯುವವರಲ್ಲಿ ಅನೇಕರು ಅಂಗಡಿಯ ತೋಟಾಗಳನ್ನು ನೆಚ್ಚದೆ, ಮನೆಯ ಮೇಜಿನ ಮುಂದೆ ಕುಳಿತು ತಾವೇ ತೋಟಾ ಕಟ್ಟುತ್ತಾರೆ. ಹಿತ್ತಾಳೆಯ ಕವಚ, ಕೇಪು, ತೂಗಿದ ಮದ್ದು, ಗುಂಡು, ಇವಿಷ್ಟೇ ಸಾಮಗ್ರಿ. ಆದರೆ ಗುಂಡನ್ನು ಕವಚದ ಬಾಯಲ್ಲಿ ಎಷ್ಟು ಆಳಕ್ಕೆ ಕೂರಿಸಬೇಕೆಂಬುದು ಅವರನ್ನು ವರ್ಷಗಟ್ಟಲೆ ಕಾಡುವ ಪ್ರಶ್ನೆ.

ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ದಿಂಡುಗಳುಂಟು. ಕವಚವನ್ನು ಬಿಟ್ಟ ಗುಂಡು ಆ ದಿಂಡುಗಳನ್ನು ಕಚ್ಚುವ ಮೊದಲು ಸಾಮಾನ್ಯವಾಗಿ ಕಿರಿದೊಂದು ನೆಗೆತವನ್ನು ನೆಗೆಯುವುದು. ಒಂದೊಂದು ನಳಿಗೆಗೂ ಒಂದೊಂದು ನೆಗೆತ ಒಗ್ಗುವುದು. ಒಗ್ಗದಿದ್ದರೆ ಗುರಿಹಲಗೆಯ ಮೇಲೆ ತೂತುಗಳು ಚೆದರುವುವು. ಗುಂಡು ಮೊದಲೇ ದಿಂಡುಗಳಿಗೆ ಒತ್ತಿಕೊಂಡಿದ್ದರೆ ಒಳಗಿನ ಒತ್ತಡವೂ ಏರುವುದು; ಅದು ಅಪಾಯದ ದಾರಿ. ಆದುದರಿಂದ ವಿವೇಕಿಯಾದ ಗುರಿಗಾರನು ಮದ್ದು ಮೊದಲಾದುವನ್ನು ಇದ್ದಂತೆಯೇ ಇಟ್ಟು, ಆಳವನ್ನು ಮಾತ್ರ ಬದಲಿಸುತ್ತಾನೆ. ಅದೂ ಒಂದು ಸಲಕ್ಕೆ ಅಂಗುಲದ 1000ದಲ್ಲಿ 3 ಪಾಲು, ಎಂದರೆ ಸುಮಾರು ಒಂದು ತಲೆಗೂದಲಿನ ದಪ್ಪ. ಗುಂಡಿನ ಮೊನೆಗಳು ಒಂದರಂತೆ ಒಂದು ಇರವಾದುದರಿಂದ, ಅಳತೆಯನ್ನು ಮೊನೆಯಿಂದ ಹಿಡಿಯದೆ, ದಿಂಡನ್ನು ಮುಟ್ಟುವ ಹೆಗಲಿನಿಂದ ಹಿಡಿಯುತ್ತಾನೆ.

ಮೋಹವು ಹೊಂಚುಹಾಕುವುದು ಇಲ್ಲಿಯೇ. 100 ಗಜದಾಚೆ 3 ಗುಂಡುಗಳು ಒಂದೇ ತೂತಿನಲ್ಲಿ ಹೊಕ್ಕರೆ, ರಹಸ್ಯ ಕೈಸೇರಿತೆಂದು ಮನಸ್ಸು ಕುಣಿಯುವುದು. ಮರುದಿನ ಅದೇ ಅಳತೆಯ ತೋಟಾಗಳು ಚೆದರುವುವು. ಅದು ಆಳದ ಗುಣವಾಗಿರಲಿಲ್ಲ; ಅದೃಷ್ಟದ ಉಪಚಾರವಾಗಿತ್ತು. ಪ್ರಾಮಾಣಿಕನು ಆ ಅಂದವಾದ ಹಲಗೆಯನ್ನು ಗೋಡೆಗೆ ತೂಗುಹಾಕದೆ ಮತ್ತೆ ಮತ್ತೆ ಹೊಡೆದು ನೋಡುತ್ತಾನೆ. ಅಕ್ಕಪಕ್ಕದ ಅಳತೆಗಳೂ ಚೆನ್ನಾಗಿ ಕೂಡಿಬಂದ ಕಡೆಯಲ್ಲಿ ನಡುವಣದನ್ನು ಆರಿಸಿಕೊಳ್ಳುತ್ತಾನೆ.

ಈ ಶಂಕೆಯ ಹಾದಿಯಲ್ಲಿ ಹಿರಿಯನಾದವನು ಮ್ಯಾಸಚೂಸೆಟ್ಸ್ ಸಂಸ್ಥಾನದ ಫ್ರಾಂಕ್ಲಿನ್ ಮಾನ್ ಎಂಬ ವೈದ್ಯ. ಕೈಯ ದೋಷವೇ ಇರಬಾರದೆಂದು ಆತನು ನಳಿಗೆಯನ್ನು ಅಲುಗದ ಪೀಠದ ಮೇಲಿಟ್ಟು ಹೊಡೆದನು. ಬೇಕೆಂದೇ ಗುಂಡುಗಳ ಮೊನೆಯನ್ನೂ ಬುಡವನ್ನೂ ಕೆಡಿಸಿ, ಯಾವುದರಿಂದ ಎಷ್ಟು ಕೇಡೆಂದು ಪರೀಕ್ಷಿಸಿದನು. ಹಲವು ದಶಕಗಳ ಆ ದುಡಿಮೆ 1909ರಲ್ಲಿ ಗ್ರಂಥವಾಯಿತು.

ಇಷ್ಟಾಗಿಯೂ ದೊರೆತ ಅಳತೆ ಶಾಶ್ವತವಲ್ಲ. ಪ್ರತಿಯೊಂದು ಈಡಿನ ಬಿಸಿ ಅನಿಲವೂ ದಿಂಡುಗಳ ಮೊದಲನ್ನು ಒಂದಿಷ್ಟು ಸವೆಯಿಸುವುದು. ನೆಗೆತವು ತಾನಾಗಿಯೇ ಬೆಳೆಯುವುದು. ಆಗ ಗುರಿಗಾರನು ಯಾರನ್ನೂ ದೂರದೆ, ಹಳೆಯ ಲೆಕ್ಕದ ಪುಸ್ತಕವನ್ನು ತೆರೆದು, ದೀಪವನ್ನು ಹತ್ತಿರಕ್ಕೆಳೆದುಕೊಂಡು, ಮೊದಲನೆಯ ತೋಟಾದಿಂದ ಮತ್ತೆ ಆರಂಭಿಸುತ್ತಾನೆ.